ಸಪೋಲ್ಸ್ಕಿ, ಕ್ಯಾನ್‌ವಿಶರ್, ಎನ್‌ಪಿಟಿಇಎಲ್: ಮೆದುಳು–ಮನಸ್ಸಿನ ಮೂರು ಕೋರ್ಸ್‌ಗಳ ಹೋಲಿಕೆ

ಮೆದುಳು, ನಡವಳಿಕೆ, ನೆನಪು ಇವುಗಳ ಬಗ್ಗೆ ಮನೆಯಲ್ಲೇ ಕೂತು ಕಲಿಯಲು ಈಗ ಬೇಕಾದಷ್ಟು ಕೋರ್ಸ್‌ಗಳಿವೆ. ನಾನು ಪೂರ್ತಿ ನೋಡಿದ್ದು ಮೂರು. ಸ್ಟ್ಯಾನ್‌ಫರ್ಡ್‌ನಲ್ಲಿ ರಾಬರ್ಟ್ ಸಪೋಲ್ಸ್ಕಿ ಮಾಡಿದ ಹ್ಯೂಮನ್ ಬಿಹೇವಿಯರಲ್ ಬಯಾಲಜಿ, ಎಂಐಟಿಯಲ್ಲಿ ನ್ಯಾನ್ಸಿ ಕ್ಯಾನ್‌ವಿಶರ್ ಕಲಿಸಿದ ದಿ ಹ್ಯೂಮನ್ ಬ್ರೇನ್, ಐಐಟಿ, ಐಐಎಸ್‌ಸಿಗಳು ಸೇರಿ ನಡೆಸುವ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿರುವ, ಐಐಟಿ ಕಾನ್ಪುರದ ಆರ್ಕ್ ವರ್ಮ ಅವರ ಇಂಟ್ರೊಡಕ್ಷನ್ ಟು ಬೇಸಿಕ್ ಕಾಗ್ನಿಟಿವ್ ಪ್ರೊಸೆಸಸ್. ಮೂರನ್ನೂ ಪುಕ್ಕಟೆ ನೋಡಬಹುದು. ಆದರೆ ಮೂರೂ ಕೇಳುವ ಪ್ರಶ್ನೆ ಬೇರೆ ಬೇರೆ. ಅದು ಗೊತ್ತಿದ್ದರೆ ಆರಿಸಿಕೊಳ್ಳೋದು ಸುಲಭ.

ಸಪೋಲ್ಸ್ಕಿ ಅವರದು 2010ರ ತರಗತಿ, ಯೂಟ್ಯೂಬ್‌ನಲ್ಲಿ 25 ಪಾಠಗಳಿವೆ. ಪ್ರಾಣಿಯೊಂದು ಏನೋ ಮಾಡಿತು, ಯಾಕೆ? ಒಂದು ಕ್ಷಣದ ಹಿಂದೆ ಮೆದುಳಿನಲ್ಲಿ ಏನಾಯಿತು, ಅದಕ್ಕೂ ಮೊದಲು ಯಾವ ಹಾರ್ಮೋನು ಏರಿತ್ತು, ಗರ್ಭದಲ್ಲಿದ್ದಾಗ ಏನು ನಡೆಯಿತು, ಅದರ ಪೂರ್ವಜರು ಯಾವ ಪರಿಸರದಲ್ಲಿ ಉಳಿದುಕೊಂಡರು, ಹೀಗೆ ಹಿಂದಕ್ಕೆ ಹೋಗುತ್ತಾ ಹೋಗುತ್ತಾರೆ. ಒಂದೇ ಉತ್ತರಕ್ಕೆ ಅಂಟಿಕೊಳ್ಳಬೇಡಿ ಅನ್ನೋದೇ ಇಡೀ ಕೋರ್ಸಿನ ಹಟ. ಕೀನ್ಯಾದ ಬಬೂನ್‌ಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರಾದ್ದರಿಂದ ಒತ್ತಡದ ಬಗ್ಗೆ ಅವರು ಮಾತಾಡಿದರೆ ಕೇಳುತ್ತಲೇ ಇರಬೇಕು ಅನ್ನಿಸುತ್ತದೆ.

ಮೆದುಳಿನ ರಾಸಾಯನಿಕವಾದ ಡೋಪಮಿನ್ ಬಗ್ಗೆ ನನ್ನ ತಿಳುವಳಿಕೆ ಪೂರ್ತಿ ಬದಲಾಗಿದ್ದು ಇಲ್ಲೇ. ದೀಪ ಹೊತ್ತಿದಾಗ ಮಂಗ ಗುಂಡಿ ಒತ್ತಿದರೆ ತಿಂಡಿ ಸಿಗುತ್ತದೆ. ಇದು ಅಭ್ಯಾಸವಾದ ಮೇಲೆ ಡೋಪಮಿನ್ ಏರುವುದು ತಿಂಡಿ ಬಂದಾಗ ಅಲ್ಲ, ದೀಪ ಹೊತ್ತಿದಾಗ. ತಿಂಡಿ ಅರ್ಧದಷ್ಟು ಸಲ ಮಾತ್ರ ಸಿಗುವ ಹಾಗೆ ಮಾಡಿದರೆ ಇನ್ನೂ ಜಾಸ್ತಿ ಏರುತ್ತದೆ. ಜೂಜು ಬಿಡೋದು ಯಾಕೆ ಅಷ್ಟು ಕಷ್ಟ ಅನ್ನೋದು ಅರ್ಥವಾಗುತ್ತದೆ, ಅಲ್ವಾ?

ಒಂದು ಎಚ್ಚರ ಬೇಕು. ಜೀನ್‌ಗಳ ಭಾಗ ಹಳೆಯದಾಗಿದೆ. ಯಾವುದೋ ಒಂದು ಜೀನ್‌ನಿಂದ ಖಿನ್ನತೆ ಬರುವ ಸಾಧ್ಯತೆ ಹೆಚ್ಚುತ್ತದೆ ಎಂಬಂಥ ಆ ಕಾಲದ ಮಾತುಗಳು ಮುಂದೆ ನಡೆದ ದೊಡ್ಡ ಅಧ್ಯಯನಗಳಲ್ಲಿ ನಿಲ್ಲಲಿಲ್ಲ. ಆ ಪಾಠಗಳನ್ನು ಕೇಳಿ, ಆದರೆ ಪರೀಕ್ಷೆಯಲ್ಲಿ ಹಾಗೇ ಬರೆಯಬೇಡಿ.

ಆರ್ಕ್ ವರ್ಮ ಅವರ ಕಾಗ್ನಿಟಿವ್ ಕೋರ್ಸ್‌ನಲ್ಲಿ ಹಾರ್ಮೋನು, ಬಬೂನು ಯಾವುದೂ ಇಲ್ಲ. ನೋಡುವುದು, ಗಮನ ಕೊಡುವುದು ಹೇಗೆ ಅನ್ನೋದನ್ನು ಒಂದೊಂದೇ ಹೆಜ್ಜೆಯಾಗಿ ಬಿಡಿಸುತ್ತಾರೆ. ಮೊದಮೊದಲು ಸ್ವಲ್ಪ ಒಣ ಅನ್ನಿಸಬಹುದು. ಆದರೆ ಈ ವಿಷಯದ ದೊಡ್ಡ ಲಾಭ ಏನೆಂದರೆ ಪ್ರಯೋಗವನ್ನು ನಾವೇ ಮಾಡಿ ನೋಡಬಹುದು. ಗಮನದ ಪಾಠದ ಹೊತ್ತಿಗೆ ನಾನು 1935ರ ಸ್ಟ್ರೂಪ್ ಪ್ರಯೋಗವನ್ನು ಕನ್ನಡದಲ್ಲಿ ತಯಾರಿಸಿದೆ. ‘ಕೆಂಪು’ ಅಂತ ಹಸಿರು ಸ್ಕೆಚ್ ಪೆನ್ನಿನಲ್ಲಿ, ‘ನೀಲಿ’ ಅಂತ ಕೆಂಪು ಪೆನ್ನಿನಲ್ಲಿ ಬರೆದು, ಶಾಯಿಯ ಬಣ್ಣ ಹೇಳಿ ಅಂತ ಮನೆಯವರನ್ನು ಕೇಳಿದೆ. ಅಮ್ಮ ಪ್ರತಿ ಪದಕ್ಕೂ ತಡವರಿಸಿದರು. ಕನ್ನಡ ಇನ್ನೂ ಕೂಡಿಸಿ ಕೂಡಿಸಿ ಓದುವ ಅಕ್ಕನ ಮಗ ಪಟಪಟ ಹೇಳಿಬಿಟ್ಟ. ಅದನ್ನೇ ಇಂಗ್ಲಿಷಿನಲ್ಲಿ ಬರೆದುಕೊಟ್ಟಾಗ ಅವನೂ ಎಡವಿದ. ಓದು ಪೂರ್ತಿ ರೂಢಿಯಾದವರಿಗೆ ಕಣ್ಣೆದುರಿನ ಪದ ಓದದೆ ಇರಲು ಆಗುವುದಿಲ್ಲ. ಸಪೋಲ್ಸ್ಕಿ ಪಾಠದಲ್ಲಿ ಹೀಗೆ ಕೈಯಾರೆ ಪರೀಕ್ಷಿಸುವ ಅವಕಾಶ ಕಡಿಮೆ.

ಇವೆರಡರ ನಡುವೆ ನಿಲ್ಲುವುದು ಎಂಐಟಿಯ 2019ರ ಕೋರ್ಸ್. ಮುಖ ಗುರುತಿಸಲೆಂದೇ ಮೆದುಳಿನಲ್ಲಿ ಒಂದು ಜಾಗ ಇದೆ ಎಂದು 1997ರಲ್ಲಿ ಬರೆದವರೇ ಕ್ಯಾನ್‌ವಿಶರ್. ಇನ್ನೊಂದು ವಿಡಿಯೊದಲ್ಲಿ ತಲೆ ಬೋಳಿಸಿಕೊಂಡು, ಆ ಜಾಗಗಳನ್ನು ತಲೆಯ ಮೇಲೇ ಬಣ್ಣದಲ್ಲಿ ಬರೆಸಿಕೊಂಡು ಪಾಠ ಮಾಡಿದ್ದಾರೆ. ಆದರೆ ನನಗೆ ಇಷ್ಟವಾದದ್ದು ಬೇರೆ. ‘ಇದು ನಮಗೆ ಹೇಗೆ ಗೊತ್ತು?’ ಅನ್ನೋದನ್ನು ಅವರು ಬಿಡುವುದೇ ಇಲ್ಲ. ಕೆಲಸ ಮಾಡುತ್ತಿರುವ ಮೆದುಳಿನ ಚಿತ್ರ ತೆಗೆಯುವ ಎಫ್‌ಎಂಆರ್‌ಐ ಸ್ಕ್ಯಾನ್‌ನಲ್ಲಿ ಒಂದು ಜಾಗ ಹೊಳೆದರೆ ಆ ಕೆಲಸಕ್ಕೆ ಅದು ಬೇಕೇ ಬೇಕು ಅಂತ ಅರ್ಥವಲ್ಲ. ಅದಕ್ಕೆ ಆ ಜಾಗಕ್ಕೆ ಪೆಟ್ಟಾದವರನ್ನು ನೋಡಬೇಕು, ಇಲ್ಲವೇ ಅಲ್ಲಿಗೆ ವಿದ್ಯುತ್ ಕೊಟ್ಟು ನೋಡಬೇಕು. ಪತ್ರಿಕೆಯಲ್ಲಿ ಬರುವ ಮೆದುಳಿನ ಸುದ್ದಿಗಳನ್ನು ಜರಡಿ ಹಿಡಿಯಲು ಇದೊಂದು ಪಾಠ ಸಾಕು.

ಇದೇ ಕೋರ್ಸಿನ ಎರಡನೇ ಪಾಠದಲ್ಲಿ ಎಂಐಟಿಯ ನರವಿಜ್ಞಾನಿ ಆ್ಯನ್ ಗ್ರೇಬಿಯಲ್ ನಿಜವಾದ ಮೆದುಳನ್ನು ಕತ್ತರಿಸಿ ತೋರಿಸುತ್ತಾರೆ. ಅದನ್ನು ನೋಡಿ ಬೆಂಗಳೂರಿನ ನಿಮ್ಹಾನ್ಸ್ ಬ್ರೇನ್ ಮ್ಯೂಸಿಯಂಗೆ ಹೋಗಿ ಬನ್ನಿ. ಅಲ್ಲಿ ಮೆದುಳನ್ನು ಕೈಯಲ್ಲಿ ಹಿಡಿದು ನೋಡಲು ಬಿಡುತ್ತಾರೆ. ಪರದೆಯಲ್ಲಿ ಕಂಡ ಏರುತಗ್ಗುಗಳು ಬೆರಳಿಗೇ ಸಿಗುತ್ತವೆ.

ಒಂದನ್ನೇ ನೋಡಲು ಸಮಯ ಇದ್ದರೆ ನಾನು ಎಂಐಟಿಯದನ್ನೇ ಹೇಳುತ್ತೇನೆ. ಪಿಯುಸಿಯಲ್ಲಿ ಬಯಾಲಜಿ ಓದದವರು ಕಾಗ್ನಿಟಿವ್‌ನಿಂದ ಶುರು ಮಾಡಿ. ಸಪೋಲ್ಸ್ಕಿ ಕೊನೆಗಿರಲಿ, ಆಗ ಅವರ ವಾದಗಳನ್ನು ತೂಗಿ ನೋಡುವ ಶಕ್ತಿ ಬಂದಿರುತ್ತದೆ.

ಸರ್ಟಿಫಿಕೇಟ್ ಬೇಕಿರುವ ಬಿಎ ವಿದ್ಯಾರ್ಥಿಗಳಿಗೆ ಮಾತ್ರ ಲೆಕ್ಕ ಬೇರೆ. ಅವರಿಗೆ ಎನ್‌ಪಿಟಿಇಎಲ್ ಸರಿ. ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಪಾಠ ಪುಕ್ಕಟೆಯಾದರೂ ಪರೀಕ್ಷೆಗೆ ಶುಲ್ಕ ಇದೆ, ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ನೋಂದಾಯಿಸುವ ಮೊದಲು ಆ ಸೆಮಿಸ್ಟರ್‌ಗೆ ಈ ಕೋರ್ಸ್ ಇದೆಯಾ, ಕ್ರೆಡಿಟ್ ನಿಮ್ಮ ಕಾಲೇಜಿನಲ್ಲಿ ಸೇರಿಸುತ್ತಾರಾ ಅಂತ ಆಫೀಸಿನಲ್ಲಿ ವಿಚಾರಿಸಿಕೊಳ್ಳಿ.