ರಿಪೀಟರ್ ಬಳಸೋರಿಗೆ ಯಾವ ಹ್ಯಾಂಡಿ? ಅಗ್ಗದ್ದು, ದುಬಾರಿದು ಎರಡೂ ಬಳಸಿ ನೋಡಿದ್ದು

ಹ್ಯಾಮ್ ರೇಡಿಯೋದಲ್ಲಿ ಹ್ಯಾಂಡಿ ಅಂದರೆ ಕೈಯಲ್ಲಿ ಹಿಡಿಯುವ ಸೆಟ್; ರಿಪೀಟರ್ ಅಂದರೆ ನಮ್ಮ ದನಿಯನ್ನ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು ಇನ್ನೊಂದರಲ್ಲಿ ದೂರದವರಿಗೂ ಮತ್ತೆ ಕಳಿಸುವ ಕೇಂದ್ರ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ದುಬಾರಿ ಹ್ಯಾಂಡಿಗೆ. ಅಗ್ಗದ ಡ್ಯುಯಲ್ ಬ್ಯಾಂಡ್ (ಎರಡು ಫ್ರೀಕ್ವೆನ್ಸಿ ಪಟ್ಟಿಗಳಲ್ಲಿ ಕೆಲಸ ಮಾಡುವ) ಸೆಟ್ಟೂ ನನ್ನ ಹತ್ತಿರ ಇದೆ. ಇಬ್ಬರೇ ನೇರವಾಗಿ ಮಾತಾಡುವಾಗ ಎರಡಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ. ಅಗ್ಗದ್ದು ಸತಾಯಿಸೋಕೆ ಶುರು ಮಾಡಿದ್ದು ರಿಪೀಟರ್ ಬಳಸಲು ಹೊರಟಾಗ.

ರಿಪೀಟರ್‌ನಲ್ಲಿ ಬೇರೆಯವರ ಮಾತು ಚೆನ್ನಾಗಿ ಕೇಳುತ್ತಿತ್ತು. ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತಿ ನಾನು ಕರೆದರೆ ಮಾತ್ರ ಉತ್ತರ ಇಲ್ಲ. ಬಟನ್ ಬಿಟ್ಟ ಮೇಲೆ ಒಂದು ಕ್ಷಣ ಕೇಳಬೇಕಾದ ಟೇಲ್ (ರಿಪೀಟರ್ ಕಳಿಸೋದು ನಿಲ್ಲಿಸುವ ಮುಂಚೆ ಉಳಿಯುವ ಸದ್ದು) ಕೂಡ ಇಲ್ಲ. ಅಂದರೆ ರಿಪೀಟರ್ ತೆರೆದೇ ಇಲ್ಲ. ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಬೈಯೋದು ಆ್ಯಂಟೆನಾವನ್ನ. ಆದರೆ ಅಷ್ಟು ಜೋರಾಗಿ ಕೇಳುತ್ತಿದ್ದರೆ ತೊಂದರೆ ಹೆಚ್ಚಾಗಿ ಸೆಟ್ಟಿಂಗ್‌ನಲ್ಲೇ ಇರುತ್ತದೆ.

ರಿಪೀಟರ್ 145.700 ಮೆಗಾಹರ್ಟ್ಸ್‌ನಲ್ಲಿ ಕಳಿಸುತ್ತದೆ, 145.100ರಲ್ಲಿ ಕೇಳಿಸಿಕೊಳ್ಳುತ್ತದೆ ಅಂದುಕೊಳ್ಳಿ. ಆಫ್‌ಸೆಟ್ (ಎರಡರ ನಡುವಿನ ಅಂತರ) 600 ಕಿಲೋಹರ್ಟ್ಸ್, ಮೈನಸ್, ಅಂದರೆ ನಾವು ಕಳಿಸಬೇಕಾದ್ದು ಕೆಳಗಿನದರಲ್ಲಿ. ಜೊತೆಗೆ 88.5 ಹರ್ಟ್ಸ್ ಥರದ ಒಂದು ಟೋನ್, ಅಂದರೆ ನಮ್ಮ ದನಿಯ ಜೊತೆ ಹೋಗಿ ರಿಪೀಟರ್ ತೆರೆಸುವ ತಗ್ಗು ಸ್ವರ. ನನ್ನ ಅಗ್ಗದ ಸೆಟ್‌ನಲ್ಲಿ ಇಷ್ಟೂ ಮೆನುವಿನಲ್ಲಿ ಕೊಟ್ಟು ಮೆಮೊರಿಗೆ ಹಾಕಿದರೆ ನಾವು ಕೇಳುವ ಫ್ರೀಕ್ವೆನ್ಸಿ (145.700) ಮಾತ್ರ ಉಳಿಯುತ್ತದೆ. ಆಮೇಲೆ 145.100 ಒತ್ತಿ ಅದೇ ಚಾನೆಲ್ ನಂಬರಿಗೆ ಇನ್ನೊಂದು ಸಲ ಉಳಿಸಬೇಕು. ಈ ಎರಡನೇ ಸಲ ಬಿಟ್ಟುಹೋದರೆ ಸೆಟ್ ಸುಮ್ನೆ 145.700ರಲ್ಲೇ ಕಳಿಸುತ್ತದೆ. ಕೆಂಪು ದೀಪ ಉರಿಯುತ್ತದೆ, ಪರದೆಯಲ್ಲಿ ಟೋನ್ ಗುರುತೂ ಕಾಣುತ್ತದೆ. ಎಲ್ಲ ಸರಿ ಇದೆ ಅಂತಲೇ ಅನಿಸುತ್ತದೆ.

ಪತ್ತೆ ಹಚ್ಚೋದು ಹೀಗೆ: ಚಾನೆಲ್ ಹೆಸರಿನ ಬದಲು ಫ್ರೀಕ್ವೆನ್ಸಿ ಕಾಣುವ ಹಾಗೆ ಇಟ್ಟುಕೊಳ್ಳಿ. ಪಿಟಿಟಿ ಒತ್ತಿ ಕಾಲ್‌ಸೈನ್ (ನಿಮ್ಮ ಲೈಸೆನ್ಸಿನ ಗುರುತು) ಹೇಳುತ್ತಾ ಪರದೆ ನೋಡಿ. ಅಂಕಿ 145.100ಕ್ಕೆ ಬದಲಾಗಬೇಕು. ಬದಲಾಗಲಿಲ್ಲ ಅಂದರೆ ರಿಪೀಟರ್‌ಗೆ ನಿಮ್ಮ ದನಿ ಮುಟ್ಟುವ ಮಾತೇ ಇಲ್ಲ. ಬದಲಾದರೂ ತೆರೆಯದಿದ್ದರೆ ಟೋನ್ ನೋಡಿ. ಕಳಿಸುವ ಟೋನ್ ಮಾತ್ರ ಹಾಕಿ. ಕೇಳುವ ಟೋನ್ ಕೂಡ ಹಾಕಿದಿರೋ, ರಿಪೀಟರ್ ಟೋನ್ ಕಳಿಸದ ಕಡೆ ಸೆಟ್ಟೇ ಮೂಕವಾಗುತ್ತದೆ.

ದುಬಾರಿ ಹ್ಯಾಂಡಿಯಲ್ಲಿ ಈ ಗೋಳೇ ಇಲ್ಲ. ಫ್ರೀಕ್ವೆನ್ಸಿ ಒತ್ತಿದ ತಕ್ಷಣ ಶಿಫ್ಟ್ (ಆ ಆಫ್‌ಸೆಟ್) ತಾನೇ ಬೀಳುತ್ತದೆ, ಒಂದೇ ಸಲ ಉಳಿಸಿದರೆ ಸಾಕು. (ಬೇರೆ ದೇಶದ ಬ್ಯಾಂಡ್ ಪ್ಲಾನಿಗೆ, ಅಂದರೆ ಅಲ್ಲಿನ ಫ್ರೀಕ್ವೆನ್ಸಿ ಹಂಚಿಕೆಗೆ, ಮಾಡಿದ ಸೆಟ್ಟಾದರೆ ಕೈಯಲ್ಲೇ ಹಾಕಬೇಕಾದೀತು.) ಟೋನ್ ಗೊತ್ತಿಲ್ಲದಿದ್ದರೂ ದಾರಿ ಇದೆ. ರಿವರ್ಸ್ ಒತ್ತಿದರೆ ರಿಪೀಟರ್‌ನ ಇನ್‌ಪುಟ್ (ಅದು ಕೇಳಿಸಿಕೊಳ್ಳುವ ಫ್ರೀಕ್ವೆನ್ಸಿ) ನಾವೇ ಕೇಳಬಹುದು. ಹತ್ತಿರದವರು ಯಾರಾದರೂ ಮಾತಾಡುತ್ತಿದ್ದರೆ ಅಲ್ಲೇ ಟೋನ್ ಸ್ಕ್ಯಾನ್ ಹಾಕಿ, ಅವರು ಬಳಸುವ ಟೋನ್ ಸಿಕ್ಕಿಬಿಡುತ್ತದೆ. ನನಗೆ ಈ ಒಂದು ಸೌಲಭ್ಯಕ್ಕೇ ಕೊಟ್ಟ ದುಡ್ಡು ಸಾರ್ಥಕ ಅನಿಸಿತು.

ಒಂದು ಪರೀಕ್ಷೆಯನ್ನ ಮಾತ್ರ ನಂಬಬೇಡಿ. ಒಂದು ಕೈಯಲ್ಲಿ ಕಳಿಸುತ್ತಾ, ಇನ್ನೊಂದು ಕೈಯ ಸೆಟ್‌ನಲ್ಲಿ ನಮ್ಮದೇ ದನಿ ರಿಪೀಟರ್‌ನಿಂದ ಬರುತ್ತಾ ಅಂತ ಕೇಳೋದು. ಪಕ್ಕದಲ್ಲೇ ಐದು ವ್ಯಾಟ್, ಅದೂ ಬರೀ 600 ಕಿಲೋಹರ್ಟ್ಸ್ ದೂರದಲ್ಲಿ ಇರುವಾಗ ಆ ರಿಸೀವರ್ ಕಿವುಡಾಗುತ್ತದೆ. ಅಗ್ಗದ್ದು ಪೂರ್ತಿ ಸುಮ್ಮನಾಯಿತು, ದುಬಾರಿದೂ ತಡಬಡಾಯಿಸಿತು. ರಿಪೀಟರ್ ಕೆಲಸ ಮಾಡುತ್ತಿದ್ದರೂ ಮಾಡುತ್ತಿಲ್ಲ ಅನಿಸುತ್ತದೆ. ದೂರದಲ್ಲಿರುವ ಯಾರನ್ನಾದರೂ ಕೇಳಿ ನೋಡೋದೇ ಸರಿ.

ಮನೆ ಮೇಲಿನ ದೊಡ್ಡ ಆ್ಯಂಟೆನಾಗೆ ಸೇರಿಸಿದರೆ ಅಗ್ಗದ ಸೆಟ್ ಇನ್ನೂ ಮಂಕಾಗುತ್ತದೆ. ಅಕ್ಕಪಕ್ಕದ ಜೋರು ಸಿಗ್ನಲ್‌ಗಳನ್ನ ತಡೆದುಕೊಳ್ಳಲ್ಲ.

ದನಿ ಸಣ್ಣಗೆ ಹೋಗುತ್ತಿದೆ ಅಂತ ಯಾರಾದರೂ ಹೇಳಿದರೆ ನ್ಯಾರೋ ಸೆಟ್ಟಿಂಗ್ (ಸಿಗ್ನಲ್‌ನ ಅಗಲ ಕಿರಿದು ಮಾಡೋದು) ನೋಡಿ. ಇದು ಎರಡಕ್ಕೂ ಅನ್ವಯ.

ಬ್ಯಾಟರಿ, ಗಾತ್ರ, ತೂಕದ ವಿಷಯದಲ್ಲಿ ನನಗೆ ತಕರಾರಿಲ್ಲ.

ನಾನು ಹೊರಗಡೆ ಓಡಾಡುತ್ತಾ, ಸಿಕ್ಕ ರಿಪೀಟರನ್ನ ಕೀಪ್ಯಾಡ್‌ನಲ್ಲೇ ಹಾಕಿಕೊಳ್ಳುವವನು. ಹಾಗಾಗಿ ದುಡ್ಡು ಕೂಡಿಸಿ ದುಬಾರಿದೇ ತಗೊಂಡೆ. ನೀವು ಬಳಸೋದು ಊರಿನ ಒಂದೆರಡು ರಿಪೀಟರ್ ಮಾತ್ರ, ಮನೆಯಲ್ಲಿ ಕಂಪ್ಯೂಟರ್ ಇದೆ, ಬಜೆಟ್ ಬಿಗಿ ಅಂದರೆ ಅಗ್ಗದ್ದು ತಗೊಳ್ಳಿ, ಜೊತೆಗೆ ಒಂದು ಒಳ್ಳೆ ಪ್ರೋಗ್ರಾಮಿಂಗ್ ಕೇಬಲ್ ಕೂಡ. ಕಂಪ್ಯೂಟರ್‌ನಲ್ಲಿ ಚಾನೆಲ್ ತುಂಬಿಸಿದರೆ ಆ ಎರಡೆರಡು ಸಲ ಉಳಿಸುವ ಕಾಟ ಇರಲ್ಲ.