ಮನೆ ಕಂಪ್ಯೂಟರಿಗೆ ಯಾವ ಬ್ಯಾಕಪ್ ಸಾಫ್ಟ್‌ವೇರ್? ವೀಮ್, ಕ್ಲೋನ್‌ಜಿಲ್ಲಾ, ರೆಸ್ಕ್ಯೂಜಿಲ್ಲಾ ಮತ್ತು ವಿಂಡೋಸಿನದೇ ಹಳೆಯದು

ವಿಂಡೋಸ್ ಏಳದ ಲ್ಯಾಪ್‌ಟಾಪನ್ನು ಕಲಬುರಗಿಯಲ್ಲಿ ರಿಪೇರಿಗೆ ಒಯ್ದರೆ ಮೊದಲು ಕೇಳುವ ಮಾತು ಬಹುತೇಕ ಒಂದೇ: "ಫಾರ್ಮ್ಯಾಟ್ ಹೊಡೀಬೇಕಾಗ್ತದ್ರಿ. ಸಿ ಡ್ರೈವಿನಾಗಿಂದು ಹೋಗ್ತದ, ಡಿ ಉಳೀತದ." ವಿಂಡೋಸ್ ಹಾಕುವ ಕೆಲಸ ಒಂದು ತಾಸಿನದು. ಆಮೇಲೆ ನುಡಿ, ಪ್ರಿಂಟರ್ ಡ್ರೈವರ್, ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್ ಇವನ್ನೆಲ್ಲ ಮತ್ತೆ ಕೂಡಿಸುವುದಕ್ಕೆ ಒಂದು ದಿನ ಹೋಗುತ್ತದೆ. ಡಿಸ್ಕ್ ಇಮೇಜ್ ಇದ್ದರೆ ಆ ದಿನ ಉಳಿಯುತ್ತದೆ. ವಿಂಡೋಸ್, ಸಾಫ್ಟ್‌ವೇರ್, ಸೆಟ್ಟಿಂಗ್, ಕಡತ ಎಲ್ಲವೂ ಇಮೇಜ್ ತೆಗೆದ ದಿನ ಹೇಗಿದ್ದವೋ ಹಾಗೇ ವಾಪಸ್ ಬರುತ್ತವೆ.

"ಡಿ ಉಳೀತದ" ಎಂಬ ಮಾತಿನಿಂದ ಒಂದು ತಪ್ಪು ರೂಢಿಯೂ ಬೆಳೆದಿದೆ. ಬ್ಯಾಕಪ್ ಅಂದರೆ ಡಿ ಡ್ರೈವಿಗೆ ಕಾಪಿ ಹಾಕುವುದು ಎಂದುಕೊಂಡವರು ಬಹಳ. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗ. ಡಿಸ್ಕ್ ಸತ್ತರೆ ಎರಡೂ ಒಟ್ಟಿಗೇ ಹೋಗುತ್ತವೆ. ಇಮೇಜ್ ಹೋಗಬೇಕಾದದ್ದು ಹೊರಗಿನ ಹಾರ್ಡ್‌ಡಿಸ್ಕಿಗೆ. 256 ಜಿಬಿ ಎಸ್‌ಎಸ್‌ಡಿ ಇರುವ ಮನೆಗೆ 1 ಟಿಬಿಯದು ಧಾರಾಳ ಸಾಕು.

ಬ್ಯಾಕಪ್ ತೆಗೆಯುವುದು ಎಲ್ಲ ಸಾಫ್ಟ್‌ವೇರುಗಳಿಗೂ ಬರುತ್ತದೆ, ಹಾಗಾಗಿ ಆಯ್ಕೆ ಮಾಡುವಾಗ ಅದನ್ನು ನೋಡಿ ಫಲವಿಲ್ಲ. ನೋಡಬೇಕಾದದ್ದು ಅದರ ರಿಕವರಿ ಪೆನ್‌ಡ್ರೈವನ್ನು, ಅಂದರೆ ವಿಂಡೋಸ್ ಏಳದಾಗ ಯಂತ್ರವನ್ನು ಎಬ್ಬಿಸಿ ಇಮೇಜ್ ವಾಪಸ್ ಹಾಕುವ ಪೆನ್‌ಡ್ರೈವನ್ನು. ಅದು ನಿಮ್ಮದೇ ಯಂತ್ರದಲ್ಲಿ ಬೂಟ್ ಆಗಬೇಕು, ಬೂಟ್ ಆದ ಮೇಲೆ ಒಳಗಿನ ಡಿಸ್ಕ್, ಹೊರಗಿನ ಡಿಸ್ಕ್ ಎರಡೂ ಅದಕ್ಕೆ ಕಾಣಬೇಕು. ಇದರಲ್ಲಿ ಸೋತದ್ದು ಎಷ್ಟೇ ಚಂದ ಇದ್ದರೂ ಬೇಡ.

ಪೈಸೆ ಕೊಡದೆ ಸಿಗುವವುಗಳಲ್ಲಿ ನಮ್ಮ ಮೊದಲ ಆಯ್ಕೆ ವಿಂಡೋಸಿಗಾಗಿ ಇರುವ ವೀಮ್ ಏಜೆಂಟಿನ ಉಚಿತ ಆವೃತ್ತಿ. ಇದು ಕಂಪನಿಗಳ ಸರ್ವರ್ ಲೋಕದಿಂದ ಬಂದ ಸಾಮಾನು. ಮೆನುವಿನ ಮಾತುಗಳು ಮನೆಯವರಿಗೆ ಸ್ವಲ್ಪ ಒರಟೆನಿಸುತ್ತವೆ, ಇಳಿಸಿಕೊಳ್ಳಲು ಇಮೇಲ್ ಕೊಟ್ಟು ನೋಂದಾಯಿಸಬೇಕು. ಆದರೆ ಕೆಲಸ ಗಟ್ಟಿ. ಬ್ಯಾಕಪ್ ಜಾಬ್ ಮಾಡುವಾಗ "ಎಂಟೈರ್ ಕಂಪ್ಯೂಟರ್" ಆರಿಸಿ, ಗುರಿಯಾಗಿ ಹೊರಗಿನ ಡಿಸ್ಕ್ ಕೊಡಿ. ವೇಳಾಪಟ್ಟಿಯ ಪುಟದಲ್ಲಿ ಎರಡು ಆಯ್ಕೆಗಳಿವೆ: ಡಿಸ್ಕ್ ಚುಚ್ಚಿದೊಡನೆ ಬ್ಯಾಕಪ್ ಶುರುವಾಗಲಿ ಎನ್ನುವುದು, ಮುಗಿದ ಮೇಲೆ ಡಿಸ್ಕನ್ನು ತಾನೇ ಇಜೆಕ್ಟ್ ಮಾಡಲಿ ಎನ್ನುವುದು. ಎರಡಕ್ಕೂ ಟಿಕ್ ಹಾಕಿದರೆ ವಾರಕ್ಕೊಮ್ಮೆ ಕೇಬಲ್ ಚುಚ್ಚುವುದಷ್ಟೇ ನಿಮ್ಮ ಕೆಲಸ. ಇಜೆಕ್ಟ್ ಆಯ್ಕೆಯನ್ನು ಬಿಡಬೇಡಿ. ಸದಾ ಚುಚ್ಚಿಯೇ ಇರುವ ಡಿಸ್ಕಿನಲ್ಲಿರುವ ಬ್ಯಾಕಪ್ಪನ್ನೂ ರಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬೀಗ ಜಡಿದು ಕೂರಿಸುತ್ತದೆ.

ಮೊದಲ ಸಲ ಪೂರ್ತಿ ಇಮೇಜ್, ಆಮೇಲೆ ಬದಲಾದಷ್ಟೇ ಭಾಗ. ಪೂರ್ತಿಯದ್ದಕ್ಕೆ ವಿಬಿಕೆ, ಬದಲಾದದ್ದಕ್ಕೆ ವಿಐಬಿ ಎಂಬ ಬಾಲ ಕಡತದ ಹೆಸರಿಗೆ ಇರುತ್ತದೆ. ಜಾಗ ಸಾಲದೆಂದು ಆ ದೊಡ್ಡ ವಿಬಿಕೆ ಕಡತವನ್ನು ಕೈಯಾರೆ ಅಳಿಸುವವರಿದ್ದಾರೆ. ಅದು ಹೋದರೆ ಅದರ ಮೇಲೆ ನಿಂತಿರುವ ವಿಐಬಿಗಳೆಲ್ಲ ರದ್ದಿ. ಎಷ್ಟು ದಿನದ ಬ್ಯಾಕಪ್ ಇರಬೇಕೆಂದು ಜಾಬಿನಲ್ಲೇ ಕಡಿಮೆ ಮಾಡಿ, ಹಳೆಯದನ್ನು ತೆಗೆಯುವ ಕೆಲಸವನ್ನು ಸಾಫ್ಟ್‌ವೇರಿಗೇ ಬಿಡಿ.

ಇದರ ರಿಕವರಿ ಪೆನ್‌ಡ್ರೈವ್ ಮಾಡುವಾಗ "ಈ ಕಂಪ್ಯೂಟರಿನ ಡ್ರೈವರ್ ಸೇರಿಸು" ಎಂಬ ಅರ್ಥದ ಆಯ್ಕೆ ಬರುತ್ತದೆ. ವೀಮ್ ಮುಂದೆ ಬರುವುದು ಇಲ್ಲೇ. ಈಚಿನ ಇಂಟೆಲ್ ಲ್ಯಾಪ್‌ಟಾಪುಗಳು ಎನ್‌ವಿಎಂಇ (ಒಂದು ಬಗೆಯ ವೇಗದ ಎಸ್‌ಎಸ್‌ಡಿ) ಡಿಸ್ಕನ್ನು ವಿಎಂಡಿ ಅಥವಾ ಆರ್‌ಎಸ್‌ಟಿ ಎಂಬ ವ್ಯವಸ್ಥೆಯ ಹಿಂದೆ ಇಟ್ಟಿರುತ್ತವೆ. ಅದರ ಡ್ರೈವರ್ ಇಲ್ಲದ ಪೆನ್‌ಡ್ರೈವಿನಿಂದ ಬೂಟ್ ಮಾಡಿದರೆ ಪರದೆಯಲ್ಲಿ ಹೊರಗಿನ ಡಿಸ್ಕ್ ಮಾತ್ರ ಕಾಣುತ್ತದೆ, ಒಳಗಿನದು ಸತ್ತೇ ಹೋಯಿತೇನೋ ಅನ್ನಿಸುತ್ತದೆ. ಸತ್ತಿಲ್ಲ, ಡ್ರೈವರ್ ಇಲ್ಲ ಅಷ್ಟೇ. ಗಾಬರಿಬಿದ್ದು ಬಯಾಸ್‌ನಲ್ಲಿ (ವಿಂಡೋಸಿಗೂ ಮೊದಲು ತೆರೆಯುವ ಯಂತ್ರದ ಸೆಟ್ಟಿಂಗ್) ಡಿಸ್ಕಿನ ವಿಧಾನವನ್ನು ಎಎಚ್‌ಸಿಐ ಎಂದು ಬದಲಿಸಿದರೆ ಡಿಸ್ಕ್ ಕಾಣಬಹುದು, ಆದರೆ ಅದೇ ಸ್ಥಿತಿಯಲ್ಲಿ ಇರುವ ವಿಂಡೋಸ್ ಏಳುವುದಿಲ್ಲ, ನೀಲಿ ಪರದೆ ಬರುತ್ತದೆ. ಹಳೆಯ ಸೆಟ್ಟಿಂಗಿಗೆ ಮರಳಿಸಿ.

ಕ್ಲೋನ್‌ಜಿಲ್ಲಾ ಮುಕ್ತ ತಂತ್ರಾಂಶ, ಪೂರ್ತಿ ಉಚಿತ, ತೈವಾನಿನಲ್ಲಿ ಹುಟ್ಟಿದ್ದು. ಪೆನ್‌ಡ್ರೈವಿನಿಂದಲೇ ಓಡುತ್ತದೆ, ಡಿಸ್ಕಿನಲ್ಲಿ ಬಳಸಿದ ಭಾಗವನ್ನಷ್ಟೇ ಎತ್ತಿಕೊಳ್ಳುತ್ತದೆ. ಹೊಸ ಲ್ಯಾಪ್‌ಟಾಪಿಗೆ ಎಲ್ಲ ಹಾಕಿ ಮುಗಿಸಿದ ದಿನ ಒಂದು ಇಮೇಜ್ ತೆಗೆದಿಡಲು ಇದರಂಥದ್ದಿಲ್ಲ. ವಾರವಾರದ ಕೆಲಸಕ್ಕೆ ಬೇಡ: ಬದಲಾದಷ್ಟೇ ತೆಗೆಯುವ ಸೌಲಭ್ಯ ಇದರಲ್ಲಿಲ್ಲ, ಪ್ರತಿ ಸಲ ಪೂರ್ತಿ ತೆಗೆಯಬೇಕು. ಇಮೇಜ್ ವಾಪಸ್ ಹಾಕುವ ಡಿಸ್ಕ್ ಮೂಲದಷ್ಟೇ ಅಥವಾ ದೊಡ್ಡದಿರಬೇಕು. ಡಿಸ್ಕುಗಳು ಎಸ್‌ಡಿಎ, ಎಸ್‌ಡಿಬಿ (ಎನ್‌ವಿಎಂಇ ಆದರೆ nvme0n1) ಎಂಬಂಥ ಹೆಸರಿನಲ್ಲಿ ಕಾಣುತ್ತವೆ. ವಾಪಸ್ ಹಾಕುವಾಗ ಇದು ಎರಡೆರಡು ಸಲ "ಖಂಡಿತವೇ?" ಎಂದು ಕೇಳುವುದು ಸುಮ್ಮನೆ ಅಲ್ಲ. ಹೆಸರಿನ ಪಕ್ಕದ ಜಿಬಿ ಮತ್ತು ಮಾಡೆಲ್ ಓದಿಯೇ ವೈ ಒತ್ತಿ. ಕ್ಲೋನ್‌ಜಿಲ್ಲಾದ ಬರೀ ಅಕ್ಷರಗಳ ಪರದೆ ಕಂಡರೇ ಕೈ ನಡುಗುವವರಿಗೆ ರೆಸ್ಕ್ಯೂಜಿಲ್ಲಾ ಇದೆ. ಅದೇ ಕೆಲಸ, ಮೌಸಿನಿಂದ, ಕ್ಲೋನ್‌ಜಿಲ್ಲಾದ ಇಮೇಜನ್ನೂ ಓದುತ್ತದೆ.

ಇವೆರಡೂ ಮುನಿಸಿಕೊಳ್ಳುವುದು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಮೇಲೆ. ಅದು ಆನ್ ಇದ್ದರೆ ಸಾಮಾನ್ಯ ಶಟ್‌ಡೌನಿನಲ್ಲಿ ವಿಂಡೋಸ್ ಅರೆನಿದ್ದೆಗೆ ಹೋಗಿರುತ್ತದೆ, ಸಿ ಡ್ರೈವ್ ಇನ್ನೂ ಬಳಕೆಯಲ್ಲಿದೆ ಎಂದು ಇವು ತಕರಾರು ತೆಗೆಯುತ್ತವೆ. ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಕೊಟ್ಟರೆ ಪೂರ್ತಿ ಆರುತ್ತದೆ.

ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರಿನದು ಇನ್ನೊಂದು ಕಥೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಹಾಕಿದರೆ ಹೆಚ್ಚಿನ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಹೋಗುತ್ತದೆ. ಅಂಥ ಭಾಗದೊಳಗೆ ಏನಿದೆಯೆಂದು ಕ್ಲೋನ್‌ಜಿಲ್ಲಾಗೆ ಗೊತ್ತಾಗುವುದಿಲ್ಲ. ಖಾಲಿ ಜಾಗವನ್ನೂ ಬಿಡದೆ ಎತ್ತುತ್ತದೆ, 60 ಜಿಬಿ ಬಳಸಿದ ಡಿಸ್ಕಿಗೂ 230 ಜಿಬಿಯ ಇಮೇಜ್ ಆಗುತ್ತದೆ. ವೀಮ್ ವಿಂಡೋಸಿನ ಒಳಗಿನಿಂದಲೇ ತೆಗೆಯುವುದರಿಂದ ಈ ತೊಡಕಿಲ್ಲ. ಯಾವುದನ್ನೇ ಬಳಸಿ, ಆ ಬೀಗ ತೆರೆಯುವ 48 ಅಂಕಿಗಳ ರಿಕವರಿ ಕೀ ಕಾಗದದ ಮೇಲಿರಲಿ.

ಕಂಟ್ರೋಲ್ ಪ್ಯಾನೆಲಿನಲ್ಲಿ ಇನ್ನೂ ಇಣುಕುವ "ಬ್ಯಾಕಪ್ ಆ್ಯಂಡ್ ರಿಸ್ಟೋರ್ (ವಿಂಡೋಸ್ 7)" ಬಿಟ್ಟುಬಿಡಿ. ಅದರ ಸಿಸ್ಟಂ ಇಮೇಜ್ ಸೌಲಭ್ಯವನ್ನು ಮೈಕ್ರೋಸಾಫ್ಟೇ 2017ರಲ್ಲಿ ಕೈಬಿಡುವ ಪಟ್ಟಿಗೆ ಸೇರಿಸಿದೆ. ಇಮೇಜ್ ಫೋಲ್ಡರನ್ನು ಡಿಸ್ಕ್ ತೆರೆದೊಡನೆ ಕಾಣುವ ಮೊದಲ ಹಂತದಿಂದ ಇನ್ನೊಂದು ಫೋಲ್ಡರಿನೊಳಗೆ ಸರಿಸಿದರೂ ಸಾಕು, ರಿಕವರಿಗೆ ಅದು ಕಾಣುವುದಿಲ್ಲ. ವಿಂಡೋಸ್ 11ರ "ವಿಂಡೋಸ್ ಬ್ಯಾಕಪ್" ಬೇರೆಯೇ. ಅದು ಕಡತಗಳನ್ನು ಒನ್‌ಡ್ರೈವಿಗೆ ಕಳಿಸುತ್ತದೆ, ಉಚಿತ ಜಾಗ 5 ಜಿಬಿ, ಇಮೇಜ್ ಅಲ್ಲವೇ ಅಲ್ಲ.

ಮ್ಯಾಕ್ರಿಯಂ ರಿಫ್ಲೆಕ್ಟ್ ಉಚಿತ ಆವೃತ್ತಿಯನ್ನು ಇಂದಿಗೂ ಶಿಫಾರಸು ಮಾಡುವವರಿದ್ದಾರೆ. 2024ರ ಜನವರಿಯಿಂದ ಅದಕ್ಕೆ ಭದ್ರತಾ ಪ್ಯಾಚ್ ಇಲ್ಲ. ಈಗಿನ ರಿಫ್ಲೆಕ್ಟ್ ಎಕ್ಸ್ ಒಳ್ಳೆಯದು, ಚಂದಾ ಕಟ್ಟಬೇಕು. ಅಕ್ರೋನಿಸಿಗೂ ಚಂದಾ. ಆದರೆ ಸೀಗೇಟ್ ಡಿಸ್ಕ್ ಚುಚ್ಚಿದ್ದರೆ ಅಕ್ರೋನಿಸಿನ ಒಂದು ರೂಪವಾದ ಡಿಸ್ಕ್‌ವಿಜರ್ಡ್ ಪುಕ್ಕಟೆ ಓಡುತ್ತದೆ. ಕ್ರ್ಯಾಕ್ ಮಾಡಿದ ಪ್ರತಿಗೆ ಇಡೀ ಡಿಸ್ಕನ್ನು ಓದಿ ಬರೆಯುವ ಅಧಿಕಾರ ಕೊಡುವುದು, ಕಳ್ಳನಿಗೆ ತಿಜೋರಿ ಒರೆಸಲು ಹೇಳಿದಂತೆ.

ಇನ್ನು ಕರೆಂಟು ಮತ್ತು ಬಿಸಿಲು. ಹಾರ್ಡ್‌ಡಿಸ್ಕನ್ನು ಯುಎಸ್‌ಬಿ 3ರ ಕಿಂಡಿಗೆ ಚುಚ್ಚಿದರೆ ಸೆಕೆಂಡಿಗೆ 100 ಎಂಬಿಯಷ್ಟು ಹೋಗುತ್ತದೆ, 120 ಜಿಬಿ ಇಪ್ಪತ್ತು ನಿಮಿಷ. ಹಳೆಯ ಯುಎಸ್‌ಬಿ 2ರಲ್ಲಿ ಇದೇ ಒಂದು ತಾಸು ದಾಟುತ್ತದೆ, ಆ ತಾಸಿನಲ್ಲಿ ಕರೆಂಟ್ ಹೋಗುವ ಸಾಧ್ಯತೆ ನಮ್ಮೂರಿನವರಿಗೆ ಹೇಳಬೇಕಿಲ್ಲ. ಇಮೇಜ್ ತೆಗೆಯುವಾಗ ಹೋದರೆ ಆ ಇಮೇಜ್ ಮಾತ್ರ ಕೆಡುತ್ತದೆ. ವಾಪಸ್ ಹಾಕುವಾಗ ಹೋದರೆ ವಿಂಡೋಸ್ ಅರ್ಧಕ್ಕೆ ನಿಲ್ಲುತ್ತದೆ, ಮೊದಲಿನಿಂದ ಹಾಕಬೇಕು. ಡೆಸ್ಕ್‌ಟಾಪಾದರೆ ಯುಪಿಎಸ್ ಬೇಕೇ ಬೇಕು. ಅಡಾಪ್ಟರಿನ ದೊಡ್ಡ ಡಿಸ್ಕಾದರೆ ಅದರ ಪ್ಲಗ್ಗೂ ಯುಪಿಎಸ್ಸಿಗೇ ಹೋಗಲಿ. ಅನೇಕ ಪೋರ್ಟಬಲ್ ಡಿಸ್ಕುಗಳ ಕಾಗದದಲ್ಲಿ ಕೆಲಸದ ತಾಪಮಾನ 35 ಡಿಗ್ರಿವರೆಗೆ ಎಂದಿರುತ್ತದೆ, ಮೇ ತಿಂಗಳ ಮಧ್ಯಾಹ್ನ ಇಲ್ಲಿ 40 ದಾಟುತ್ತದೆ. ನಸುಕಿನಲ್ಲೋ ಕೂಲರ್ ಮುಂದೋ ತೆಗೆಯಿರಿ. ಕಟಕಟ ಸದ್ದು ಮಾಡುವ, ಬ್ಯಾಡ್ ಸೆಕ್ಟರ್ ಬಂದ ಡಿಸ್ಕಿಗೆ ಇವ್ಯಾವುವನ್ನೂ ಓಡಿಸಬೇಡಿ. ಅದಕ್ಕೆ ಕೆಟ್ಟ ಡಿಸ್ಕಿನಿಂದ ಮಾಹಿತಿ ಎತ್ತುವ ಡಿಡಿರೆಸ್ಕ್ಯೂ ಎಂಬ ಸಾಧನ ಬಲ್ಲವರು ಬೇಕು.

ರಿಕವರಿ ಪೆನ್‌ಡ್ರೈವ್ ಮಾಡಿದ ದಿನವೇ ಅದರಿಂದ ಬೂಟ್ ಮಾಡಿ ನೋಡಿ. ಯಂತ್ರ ಆನ್ ಮಾಡಿದೊಡನೆ ಬೂಟ್ ಮೆನುವಿಗೆ ಒತ್ತುವ ಕೀ: ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಅಸೂಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಎರಡೂ ಡಿಸ್ಕ್ ಕಂಡವೇ, ಇಮೇಜಿನ ತಾರೀಖು ಕಂಡಿತೇ ನೋಡಿಕೊಂಡು ಏನನ್ನೂ ಬದಲಿಸದೆ ಹೊರಬನ್ನಿ. ಯಾವ ಕೀ ಎಂಬುದನ್ನು ಚೀಟಿಯಲ್ಲಿ ಬರೆದು, ಪೆನ್‌ಡ್ರೈವಿನ ಜೊತೆ ಡಿಸ್ಕಿನ ಚೀಲದಲ್ಲೇ ಇಡಿ.