ಐದು ಜೈಲು, ಒಂದು ಕರ್ನಲ್: ಫ್ರೀಬಿಎಸ್‌ಡಿ-ಅಪ್‌ಡೇಟ್ ಜೊತೆ ನನ್ನ ಒಡನಾಟ

ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದ ಒಂದೇ ಸರ್ವರ್‌ನಲ್ಲಿ ಐದು ಜೈಲುಗಳನ್ನು, ಅಂದರೆ ಒಂದರಿಂದೊಂದು ಬೇರ್ಪಡಿಸಿದ ಕೋಣೆಗಳನ್ನು, ಸಾಕಿಕೊಂಡಿದ್ದೇನೆ: ಮೇಲ್, ವೆಬ್, ಡೇಟಾಬೇಸ್, ಡಿಎನ್‌ಎಸ್, ಬ್ಯಾಕಪ್. 2000ದಲ್ಲಿ 4.0 ಆವೃತ್ತಿಯೊಂದಿಗೆ ಬಂದ ಈ ಜೈಲು ವ್ಯವಸ್ಥೆಯ ಮೇಲೆ ನನಗೆ ತಕರಾರಿಲ್ಲ. ವೆಬ್‌ಗೆ ಕನ್ನ ಹಾಕಿದವನು ಮೇಲ್ ಕೋಣೆಗೆ ದಾಟುವುದು ಸುಲಭವಲ್ಲ. ಭದ್ರತಾ ಪ್ಯಾಚ್ ಬಂದ ದಿನ ಮಾತ್ರ ಐದೂ ಬೀಗಗಳನ್ನು ನಾನೇ ತೆಗೆಯಬೇಕು.

ಆ ಕೆಲಸಕ್ಕಿರುವ ಫ್ರೀಬಿಎಸ್‌ಡಿ-ಅಪ್‌ಡೇಟ್ ಅಚ್ಚುಕಟ್ಟಾದ ಸಾಧನ. ಫೆಚ್, ಇನ್‌ಸ್ಟಾಲ್ ಎಂದರೆ ಮುಗಿಯಿತು. ಎಡವಟ್ಟಾದರೆ ರೋಲ್‌ಬ್ಯಾಕ್ ಇದೆ. ‘ಬಿ’ ಆಯ್ಕೆಯ ಮುಂದೆ ಜೈಲಿನ ಡೈರೆಕ್ಟರಿ ಕೊಟ್ಟರೆ ಹೊರಗೆ ನಿಂತೇ ಒಳಗಿನದನ್ನು ಸರಿಪಡಿಸುತ್ತದೆ. ಬದಲಾಗುವ ಫೈಲುಗಳ ಪಟ್ಟಿಯನ್ನು ಪ್ರತಿ ಸಲವೂ ಪರದೆಯ ತುಂಬ ಹರಡಿ, ನಾನು ‘ಕ್ಯೂ’ ಒತ್ತುವವರೆಗೆ ಕಾಯುತ್ತದೆ. ಐದನೆಯ ಜೈಲಿನ ಹೊತ್ತಿಗೆ ಅದನ್ನು ಯಾರು ಓದುತ್ತಾರೆ?

ನನ್ನನ್ನು ಬೀಳಿಸಿದ್ದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಪ್ರತಿ ಜೈಲಿಗೂ ಸ್ವಂತ ನೆಟ್‌ವರ್ಕ್ ಬೇಕೆಂದು ಹಿಂದೆ ಅದನ್ನು ಕೊಡುವ ವಿಇಮೇಜ್ ಎಂಬ ಸೌಲಭ್ಯ ಸೇರಿಸಿ, ಬೇಡದ ಡ್ರೈವರ್‌ಗಳನ್ನು ಕಿತ್ತುಹಾಕಿ, ಕರ್ನಲ್ಲನ್ನು ನಾನೇ ಕಟ್ಟಿಕೊಂಡಿದ್ದೆ. ಈ ಸಾಧನ ತಿದ್ದುವುದು ಫ್ರೀಬಿಎಸ್‌ಡಿ ಯೋಜನೆಯೇ ಕಟ್ಟಿಕೊಟ್ಟ ಜೆನೆರಿಕ್ ಕರ್ನಲ್ಲನ್ನು. ನಾನು ಕಟ್ಟಿದ್ದನ್ನು ಮುಟ್ಟುವುದಿಲ್ಲ. ಮೂಲ ಕೋಡ್‌ಗೆ ಪ್ಯಾಚ್ ಹಾಕಿ ಸುಮ್ಮನಾಗುತ್ತದೆ, ಮತ್ತೆ ಕಟ್ಟುವುದು ನನ್ನ ಪಾಲು. ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿಯೇ ಇದೆ. ನಾನು ಓದಿಯೂ ಇದ್ದೆ.

ರೀಬೂಟ್ ಆದ ಮೇಲೂ, ಓಡುತ್ತಿರುವ ಕರ್ನಲ್‌ನ ಆವೃತ್ತಿ ಹೇಳುವ ಯೂನೇಮ್ ಕಮಾಂಡ್ ಹಳೆಯ ಪ್ಯಾಚ್ ಸಂಖ್ಯೆಯನ್ನೇ ತೋರಿಸುತ್ತಿತ್ತು. ಕರ್ನಲ್ ಬಿಟ್ಟು ಉಳಿದ ಭಾಗಕ್ಕಷ್ಟೇ ಪ್ಯಾಚ್ ಬಂದಾಗ ಆ ಸಂಖ್ಯೆ ಬದಲಾಗುವುದಿಲ್ಲ ಎಂಬ ಅರ್ಧ ಜ್ಞಾನ ನನ್ನನ್ನು ನೆಮ್ಮದಿಯಾಗಿ ಮಲಗಿಸಿತು. ಎರಡು ತಿಂಗಳ ನಂತರ ಕರ್ನಲ್ ದೋಷದ ಪ್ರಕಟಣೆಯೊಂದನ್ನು ಓದುತ್ತ, ಸರಿಪಡಿಸಿದ ಸಂಖ್ಯೆಯನ್ನು ನನ್ನದರೊಂದಿಗೆ ಹೋಲಿಸಿದೆ. ಎದೆ ಧಸಕ್ಕೆಂದಿತು. ಐದೂ ಜೈಲುಗಳು ನಿಂತಿರುವುದು ಆ ಒಂದೇ ಕರ್ನಲ್ ಮೇಲೆ; ಒಳಗಿನ ಫೈಲುಗಳು ಎಷ್ಟು ಹೊಸದಾಗಿದ್ದರೇನು?

ತಮಾಷೆಯೆಂದರೆ, ಫ್ರೀಬಿಎಸ್‌ಡಿ 12.0 ಆವೃತ್ತಿಯಿಂದ ವಿಇಮೇಜ್ ಜೆನೆರಿಕ್‌ನಲ್ಲೇ ಇದೆ. ಹಳೆಯ ಹಟಕ್ಕೆ ಸ್ವಂತ ಕರ್ನಲ್ ಹೊತ್ತುಕೊಂಡು ತಿರುಗುತ್ತಿದ್ದೆ, ಅಷ್ಟೆ. ಈಗ ಅದನ್ನು ಕೈಬಿಟ್ಟಿದ್ದೇನೆ.

ಇನ್ನೊಂದು ಎಚ್ಚರಿಕೆ: ಪ್ಯಾಕೇಜ್‌ಗಳು ಈ ಸಾಧನದ ವ್ಯಾಪ್ತಿಗೆ ಬರುವುದಿಲ್ಲ. ಹೊರಗಿನಿಂದ ಹಾಕಿಕೊಂಡ ವೆಬ್ ಸರ್ವರ್, ಡೇಟಾಬೇಸ್‌ಗಳಿಗೆ ಪಿಕೆಜಿ ಎಂಬ ಪ್ಯಾಕೇಜ್ ಸಾಧನವನ್ನು ‘ಜೆ’ ಆಯ್ಕೆಯೊಂದಿಗೆ ಬೇರೆಯಾಗಿ ಓಡಿಸಬೇಕು. ಲೈಬ್ರರಿ ಬದಲಾದರೂ ಓಡುತ್ತಿರುವ ಸೇವೆ ಹಳೆಯದನ್ನೇ ನೆನಪಿನಲ್ಲಿ ಹಿಡಿದುಕೊಂಡಿರುತ್ತದೆ, ಹಾಗಾಗಿ ಜೈಲನ್ನೇ ಮರುಚಾಲನೆ ಮಾಡುತ್ತೇನೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ‘ನಿಮ್ಮ ಕರ್ನಲ್ ಹಳೆಯದೇ ಉಳಿದಿದೆ’ ಎಂದು ಕೊನೆಯಲ್ಲಿ ಒಂದು ಸಾಲು ಕೂಗಿ ಹೇಳಿದ್ದರೆ ಐದೂ ಕೊಡುತ್ತಿದ್ದೆ. ಈಗ ಮೊದಲು ಬಿಇಸಿಟಿಎಲ್ ಕಮಾಂಡ್‌ನಿಂದ ಬೂಟ್ ಪರಿಸರದ, ಅಂದರೆ ಬೂಟ್ ಮಾಡಬಲ್ಲ ಸಿಸ್ಟಮ್‌ನ, ಒಂದು ಪ್ರತಿಯನ್ನು ತೆಗೆದಿಟ್ಟು, ಜೈಲುಗಳನ್ನು ಹೊತ್ತ ಹೋಸ್ಟ್‌ಗೆ ಪ್ಯಾಚ್ ಹಾಕಿ ರೀಬೂಟ್ ಮಾಡಿ, ಆಮೇಲೆ ಜೈಲುಗಳಿಗೆ ಕೈಹಾಕುತ್ತೇನೆ. ಕೊನೆಗೆ ಫ್ರೀಬಿಎಸ್‌ಡಿ-ವರ್ಷನ್ ಕಮಾಂಡ್‌ನಿಂದ ಎಲ್ಲರ ಹಾಜರಿ. ಕಳೆದ ಸಲ ಡಿಎನ್‌ಎಸ್ ಜೈಲು ಹಿಂದಿನ ಸಂಖ್ಯೆಯಲ್ಲೇ ಕುಳಿತಿತ್ತು. ಸ್ಕ್ರಿಪ್ಟ್‌ನಲ್ಲಿ ಅದರ ಹೆಸರನ್ನು ನಾನೇ ತಪ್ಪಾಗಿ ಬರೆದಿದ್ದೆ.